ಓದುಗರ ಪ್ರಶ್ನೆ, ನಮ್ಮ ಉತ್ತರ: ಆಲಿಕೆ ಸಭೆಗೆ ಹತ್ತೊಂಬತ್ತರ ಹುಡುಗಿ ಹೋಗಬಹುದೇ?

ಕಳೆದ ಸಂಚಿಕೆಯಲ್ಲಿ ನಮ್ಮ ಭಾಗದ ಬೇಸಿಗೆಯ ಬಗ್ಗೆ ಬರೆದಾಗ, ಪರಿಸರದ ಕೆಲಸಕ್ಕೆ ಇಳಿದಿರುವ ಅಥವಾ ಇಳಿಯಬೇಕೆಂದಿರುವ ಯುವಕ ಯುವತಿಯರು ತಮಗೆ ಎದುರಾದ ತೊಡಕುಗಳನ್ನು ಬರೆದು ತಿಳಿಸಬೇಕೆಂದು ಕೇಳಿಕೊಂಡಿದ್ದೆ. ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರು ಕೊಟ್ಟಿಲ್ಲ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಅದು ಸೇಡಂ, ಚಿತ್ತಾಪುರ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಏಳುವ ಪ್ರಶ್ನೆ.

ಪ್ರಶ್ನೆ: ನಾನು ಸೇಡಂ ತಾಲ್ಲೂಕಿನ ಒಂದು ಹಳ್ಳಿಯವಳು, ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ, ವಯಸ್ಸು 19. ನಮ್ಮೂರ ಪಕ್ಕದ ಸುಣ್ಣಕಲ್ಲಿನ ಗಣಿಯನ್ನು ವಿಸ್ತರಿಸುವ ಬಗ್ಗೆ ಪರಿಸರ ಸಾರ್ವಜನಿಕ ಆಲಿಕೆ ಸಭೆ (ಜನರ ಅಹವಾಲು ಕೇಳುವ ಸಭೆ) ನಡೆಯಲಿದೆಯೆಂದು ಪತ್ರಿಕೆಯಲ್ಲಿ ಪ್ರಕಟಣೆ ಬಂದಿದೆ. ಹೋಗಿ ಮಾತನಾಡಬೇಕೆಂದಿದ್ದೇನೆ. ‘ದೊಡ್ಡವರು ಇದ್ದಾರಲ್ಲ, ನಿನಗ್ಯಾಕೆ’ ಎಂದು ಮನೆಯಲ್ಲಿ ಹೇಳುತ್ತಾರೆ. ಅಣ್ಣ ಅದೇ ಗಣಿಯಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ. ನನಗೆ ಅಲ್ಲಿ ಮಾತನಾಡುವ ಹಕ್ಕು ಇದೆಯೇ? ಇದ್ದರೆ ಏನು ಮಾತನಾಡಬೇಕು?

ಉತ್ತರ: ಹಕ್ಕು ಖಂಡಿತ ಇದೆ, ತಂಗಿ. ಕೇಂದ್ರ ಸರ್ಕಾರ 2006ರ ಸೆಪ್ಟೆಂಬರ್ 14ರಂದು ಹೊರಡಿಸಿದ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಇಂಥ ಸಭೆಯನ್ನು ಯೋಜನೆಯ ಸ್ಥಳದಲ್ಲಿ ಇಲ್ಲವೇ ಅದರ ತೀರಾ ಸಮೀಪದಲ್ಲಿ ನಡೆಸಬೇಕು. ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅವುಗಳಲ್ಲಿ ಒಂದು ಪ್ರಾದೇಶಿಕ ಭಾಷೆಯದಾಗಿರಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನ ದರ್ಜೆಯವರಲ್ಲದ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ಇಡೀ ಸಭೆಯ ವಿಡಿಯೊ ಚಿತ್ರೀಕರಣವಾಗಬೇಕು. ಸಭೆಗೆ ಬಂದ ಪ್ರತಿಯೊಬ್ಬರಿಗೂ ಯೋಜನೆಯ ಬಗ್ಗೆ ವಿವರ ಕೇಳಲು, ಸ್ಪಷ್ಟೀಕರಣ ಪಡೆಯಲು ಅವಕಾಶ ಕೊಡಬೇಕೆಂದು ಅದರಲ್ಲಿ ಬರೆದಿದೆ. ವಯಸ್ಸಿನ ಮಾತೇ ಅಲ್ಲಿಲ್ಲ. ಕೊನೆಗೆ, ಜನ ಆಡಿದ ಮಾತುಗಳ ಸಾರಾಂಶವನ್ನು ಅವರದೇ ಭಾಷೆಯಲ್ಲಿ ಓದಿ ಹೇಳಿದ ಮೇಲೆಯೇ ನಡಾವಳಿಗೆ ಸಹಿ ಬೀಳಬೇಕು. ಈ ಕೊನೆಯ ಅಂಶವನ್ನು ಬಹಳ ಜನ ಮರೆಯುತ್ತಾರೆ. ಬಿಸಿಲು ಏರಿದಂತೆ ಒಬ್ಬೊಬ್ಬರೇ ಎದ್ದು ಮನೆಗೆ ಹೋಗುತ್ತಾರೆ. ನೀವು ಕೊನೆಯತನಕ ಕೂತಿರಿ. ನಿಮ್ಮ ಮಾತು ಸಾರಾಂಶದಲ್ಲಿ ಸೇರಿದೆಯೇ ಎಂದು ಕಿವಿಗೊಟ್ಟು ಕೇಳಿ, ಸೇರಿಲ್ಲವಾದರೆ ಅಲ್ಲಿಯೇ ಎದ್ದು ಹೇಳಿ.

ಏನು ಮಾತನಾಡಬೇಕೆಂಬುದು ಇದಕ್ಕಿಂತ ಮುಖ್ಯವಾದ ಪ್ರಶ್ನೆ. ‘ಪರಿಸರ ಹಾಳಾಗುತ್ತಿದೆ’ ಎಂದು ನೀವು ಎಷ್ಟೇ ಮನಮುಟ್ಟುವಂತೆ ಹೇಳಿದರೂ ಅದು ನಡಾವಳಿಯಲ್ಲಿ ಒಂದು ಸಾಲಾಗಿ ಉಳಿಯುತ್ತದೆ, ಅದಕ್ಕೆ ಉತ್ತರವೂ ಒಂದೇ ಸಾಲಿನಲ್ಲಿ ಬರುತ್ತದೆ. ‘ನಮ್ಮ ಓಣಿಯ ಸೇದುವ ಬಾವಿಯಲ್ಲಿ ಜನವರಿ ಮೊದಲ ವಾರ 28 ಅಡಿಗೆ ಸಿಗುತ್ತಿದ್ದ ನೀರು ಮಾರ್ಚ್ ಕೊನೆಗೆ 41 ಅಡಿಗೆ ಇಳಿದಿದೆ, ವಾರವಾರದ ಲೆಕ್ಕ ಇಲ್ಲಿದೆ’ ಎಂದು ಹೇಳಿದಿರೆಂದಿಟ್ಟುಕೊಳ್ಳಿ. ಅದಕ್ಕೆ ಒಂದೇ ಸಾಲಿನಲ್ಲಿ ಉತ್ತರ ಕೊಡಲು ಯಾರಿಂದಲೂ ಆಗದು. ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ, ಪ್ರತಿ ಭಾನುವಾರ ನಸುಕಿನಲ್ಲಿ, ಪಂಪ್‌ಸೆಟ್‌ಗಳು ಚಾಲೂ ಆಗುವ ಮೊದಲು, ಮೂರು ಬಾವಿಗಳಲ್ಲಿ ಇಳಿಬಿಟ್ಟು ನೀರು ತಾಗುವವರೆಗಿನ ಗಂಟುಗಳನ್ನು ಎಣಿಸಿ ಬರೆದಿಡಿ. ದೂಳಿನದೂ ಹಾಗೆಯೇ: ತೊಳೆದು ಒರೆಸಿದ ಸ್ಟೀಲಿನ ತಾಟೊಂದನ್ನು ಸಂಜೆ ಮಾಳಿಗೆಯ ಮೇಲಿಟ್ಟು, ಬೆಳಿಗ್ಗೆ ಅದರ ಮೇಲೆ ಬೆರಳೆಳೆದು, ಗೆರೆ ಕಾಣುವಂತೆ ಫೋಟೊ ತೆಗೆದು, ತಾರೀಕು ಮತ್ತು ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂಬುದನ್ನು ಬರೆಯಿರಿ. ಗಣಿಯ ಕಡೆಯಿಂದ ಗಾಳಿ ಬಂದ ದಿನದ ತಾಟನ್ನೂ ಎದುರಿನಿಂದ ಬಂದ ದಿನದ ತಾಟನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಏನು ತಿಳಿಯುತ್ತದೆಯೋ ಅದನ್ನು, ಅಷ್ಟನ್ನೇ ಹೇಳಿ. ಸ್ಫೋಟದ ಸಮಯ, ಊರೊಳಗಿನಿಂದ ಹಾಯುವ ಟಿಪ್ಪರ್‌ಗಳ ಸಂಖ್ಯೆ, ತೊಗರಿ ಹೂಬಿಡುವ ದಿನಗಳಲ್ಲಿ ಎಲೆಯ ಮೇಲೆ ಕೂತ ಬೂದುಬಣ್ಣದ ಪುಡಿ, ಇವೆಲ್ಲವನ್ನೂ ಒಂದು ನೋಟ್‌ಬುಕ್ ಹಿಡಿಯುತ್ತದೆ.

ನೀರಿನ ವಿಷಯಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಗಣಿಯ ತಳ ಸುತ್ತಲಿನ ಬಾವಿಗಳ ನೀರಿನ ಮಟ್ಟಕ್ಕಿಂತ ಕೆಳಗೆ ಇಳಿದಾಗ, ಕಲ್ಲಿನ ಪದರಗಳ ಸಂದಿಯ ನೀರು ಗಣಿಯ ಗುಂಡಿಯ ಕಡೆಗೆ ಬಸಿಯತೊಡಗುತ್ತದೆ. ಕೆಲಸ ಸಾಗಲೆಂದು ಆ ನೀರನ್ನು ಪಂಪಿನಿಂದ ಹೊರಗೆ ಹಾಕಿದಷ್ಟೂ ಬಾವಿಗಳು ಬತ್ತುತ್ತವೆ. ಇದು ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಆಗುವುದಿಲ್ಲ, ಕೆಲವೆಡೆ ಆಗದೆಯೂ ಇರಬಹುದು. ಅದಕ್ಕಾಗಿಯೇ ಅಳತೆ ಬೇಕು. ಸಭೆಗೆ ಮೊದಲು, ಗಣಿಯಿಂದ ಪರಿಸರದ ಮೇಲಾಗುವ ಪರಿಣಾಮವನ್ನು ಅಂದಾಜಿಸಿದ ಕರಡು ವರದಿಯ ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ ಮತ್ತು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಇಟ್ಟಿರಬೇಕು, ಅದರ ಸಾರಾಂಶ ಕನ್ನಡದಲ್ಲಿಯೂ ಇರಬೇಕು. ಇಬ್ಬರು ಗೆಳತಿಯರನ್ನು ಕರೆದುಕೊಂಡು ಹೋಗಿ ಅದನ್ನು ಓದಿ. ನಿಮ್ಮೂರಿನ ಯಾವ ಬಾವಿಯ ನೀರನ್ನು ಪರೀಕ್ಷೆಗೆ ತೆಗೆದುಕೊಂಡಿದ್ದಾರೆ, ಯಾವ ತಿಂಗಳಲ್ಲಿ ತೆಗೆದುಕೊಂಡಿದ್ದಾರೆ ಎಂದು ನೋಡಿ. ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನ ಅಂಕಿ ಅಂಶಗಳನ್ನಷ್ಟೇ ಕಲೆಹಾಕುವುದು ವಾಡಿಕೆ. ‘ಹಾಗಾದರೆ ನಮ್ಮ ಹಳ್ಳ ತುಂಬಿ ಹರಿಯುವ ಆಗಸ್ಟ್ ತಿಂಗಳ ಲೆಕ್ಕ ಎಲ್ಲಿದೆ?’ ಎಂದು ನೀವು ಕೇಳಬಹುದು. ಅದು ಹತ್ತು ನಿಮಿಷದ ಭಾಷಣಕ್ಕಿಂತ ತೂಕದ ಪ್ರಶ್ನೆ.

ಅಣ್ಣನ ಕೆಲಸದ ವಿಷಯ ಬರೆದಿದ್ದೀರಿ. ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸಿಮೆಂಟ್ ಮತ್ತು ಪರಸಿ ಕಲ್ಲಿನ ಉದ್ಯಮ ಈ ಭಾಗದ ಸಾವಿರಾರು ಮನೆಗಳ ಒಲೆ ಉರಿಸುತ್ತಿದೆ. ‘ಗಣಿಯೇ ಬೇಡ’ ಎನ್ನುವ ಮಾತು ಆ ಮನೆಗಳಲ್ಲಿ ಹೇಗೆ ಕೇಳಿಸುತ್ತದೆ ಎಂಬುದು ನಿಮಗೇ ಚೆನ್ನಾಗಿ ಗೊತ್ತು. ಆದ್ದರಿಂದ ಮೊದಲು ಅಣ್ಣನ ಜೊತೆಗೇ ಕೂತು ಮಾತನಾಡಿ. ದೂಳು ಎಲ್ಲರಿಗಿಂತ ಹೆಚ್ಚು ಕುಡಿಯುವವನು ಅವನೇ. ನೀವೊಬ್ಬರೇ ಎದ್ದು ನಿಲ್ಲುವ ಬದಲು ಊರಿನ ಸ್ತ್ರೀಶಕ್ತಿ ಸಂಘದವರು, ಬಾವಿಯ ಮಾಲೀಕರು, ಸಾಧ್ಯವಾದರೆ ಕೆಲಸಗಾರರ ಮನೆಯವರು ಸೇರಿ ಸಹಿ ಮಾಡಿದ ಮನವಿಯನ್ನು ಲಿಖಿತವಾಗಿ ಕೊಡಬಹುದು. ಸಭೆಗೆ ಬಾರದವರೂ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ಕಳುಹಿಸಬಹುದು. ವಿರೋಧಿಸಲೇಬೇಕೆಂದಿಲ್ಲ, ಷರತ್ತು ಕೇಳಬಹುದು: ರಸ್ತೆಗೆ ದಿನಕ್ಕೆ ಎಷ್ಟು ಸಲ ನೀರು ಚಿಮುಕಿಸುತ್ತೀರಿ, ಟಿಪ್ಪರ್‌ಗೆ ತಾಡಪಾಲು ಹೊದಿಸುತ್ತೀರಾ, ಶಾಲೆಯ ವೇಳೆಯಲ್ಲಿ ಸ್ಫೋಟ ನಿಲ್ಲಿಸುತ್ತೀರಾ, ಬಾವಿ ಬತ್ತಿದರೆ ನೀರು ಯಾರು ಕೊಡುತ್ತಾರೆ, ಗಣಿ ಮುಗಿದ ಮೇಲೆ ಆ ಗುಂಡಿ ಏನಾಗುತ್ತದೆ?

ಇಂಥ ಷರತ್ತುಗಳು ಅನುಮತಿ ಪತ್ರದಲ್ಲಿ ಸೇರಿದರೆ ನಿಮ್ಮ ನಿಜವಾದ ಕೆಲಸ ಆಗ ಶುರುವಾಗುತ್ತದೆ. ಅನುಮತಿ ಪಡೆದವರು ಷರತ್ತುಗಳ ಪಾಲನೆಯ ಬಗ್ಗೆ ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ರಂದು, ವರದಿ ಸಲ್ಲಿಸಲೇಬೇಕು. ಆ ವರದಿಗಳು ಸಾರ್ವಜನಿಕ ದಾಖಲೆಗಳೆಂದು ಅದೇ ಅಧಿಸೂಚನೆ ಹೇಳುತ್ತದೆ. ಸಭೆಯ ದಿನ ಸಾವಿರ ಜನ ಸೇರುತ್ತಾರೆ, ಆರು ತಿಂಗಳ ನಂತರದ ಈ ವರದಿಯನ್ನು ಕೇಳಿ ಪಡೆಯುವವರು ಸಿಗುವುದು ಕಷ್ಟ. ವರದಿಯಲ್ಲಿ ಬರೆದದ್ದನ್ನೂ ನಿಮ್ಮ ನೋಟ್‌ಬುಕ್ಕಿನಲ್ಲಿರುವುದನ್ನೂ ಹೋಲಿಸಿ, ವ್ಯತ್ಯಾಸ ಕಂಡಲ್ಲಿ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆಯಿರಿ. ಅನುಮತಿಯೇ ತಪ್ಪೆಂದು ಅನಿಸಿದರೆ, ಆದೇಶ ಹೊರಬಿದ್ದ 30 ದಿನಗಳೊಳಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬಹುದು. ನಮ್ಮ ರಾಜ್ಯದ ಪ್ರಕರಣಗಳನ್ನು ಅದರ ಚೆನ್ನೈ ಪೀಠ ಕೇಳುತ್ತದೆ. ಅಷ್ಟು ದೂರ ಹೋಗುವ ಪ್ರಸಂಗ ಬಂದರೂ ಅಲ್ಲಿ ನಿಲ್ಲುವುದು ನಿಮ್ಮ ವಾರವಾರದ ಲೆಕ್ಕವೇ.

ಪ್ರಶ್ನೆ: ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ನಮ್ಮ ಯುವಕ ಸಂಘದವರು ಪ್ರತಿ ವರ್ಷ ಜೂನ್ 5ರಂದು ನೂರಾರು ಗಿಡ ನೆಡುತ್ತೇವೆ. ಮುಂದಿನ ಬೇಸಿಗೆಗೆ ಬಹುತೇಕ ಒಣಗಿರುತ್ತವೆ. ಊರ ಮಂದಿ ನಗುತ್ತಾರೆ. ಏನು ಮಾಡಬೇಕು?

ಉತ್ತರ: ನಾನು ಪಾಠ ಹೇಳುತ್ತಿದ್ದ ಕಾಲೇಜಿನ ಆವರಣದಲ್ಲಿ ಒಂದು ವರ್ಷ ವಿದ್ಯಾರ್ಥಿಗಳೊಂದಿಗೆ ಸೇರಿ 60 ಹೊಂಗೆ ಸಸಿ ನೆಟ್ಟಿದ್ದೆ, ಮರುವರ್ಷದ ಯುಗಾದಿಯ ಹೊತ್ತಿಗೆ 4 ಉಳಿದಿದ್ದವು. ಆ ನೋವು ನನಗೆ ತಿಳಿದಿದೆ, ಕಾರಣವೂ ಆಮೇಲೆ ತಿಳಿಯಿತು. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಆರಂಭವಾದ ದಿನವೆಂದು ಜೂನ್ 5 ಪರಿಸರ ದಿನವಾಯಿತೇ ಹೊರತು, ಅದು ಬೀದರಿನ ಮಳೆಯ ತಾರೀಕನ್ನು ನೋಡಿ ಇಟ್ಟದ್ದಲ್ಲ. ಆ ದಿನಕ್ಕೆ ನಮ್ಮ ನೆಲ ಇನ್ನೂ ಕಾದಿರುತ್ತದೆ. ಅಂದು ಗುಂಡಿ ತೋಡಿ ಗೊಬ್ಬರ ತುಂಬಿ ಬಿಡಿ. ಎರಡು ಮೂರು ಹದ ಮಳೆ ಬಿದ್ದು ನೆಲ ಒಂದೂವರೆ ಅಡಿ ನೆಂದ ಮೇಲೆ, ಜೂನ್ ಕೊನೆಗೋ ಜುಲೈನಲ್ಲೋ ಸಸಿ ಇಡಿ. ಎರೆ ಭೂಮಿಯಾದರೆ ಇನ್ನೊಂದು ಎಚ್ಚರಿಕೆ ಬೇಕು. ಫೆಬ್ರುವರಿಯ ನಂತರ ಎರೆ ಬಿರಿಯುತ್ತದೆ, ಆ ಬಿರುಕು ಎಳೆಯ ಬೇರನ್ನು ಹರಿದುಹಾಕುತ್ತದೆ, ಒಳಗಿನ ತೇವವನ್ನೂ ಬಿಸಿಗಾಳಿಗೆ ಒಡ್ಡುತ್ತದೆ. ಬುಡದ ಸುತ್ತ ತೊಗರಿ ಹೊಟ್ಟು, ಒಣ ಹುಲ್ಲು ಹಾಸಿ, ವಾರಕ್ಕೊಮ್ಮೆ ಮಣ್ಣನ್ನು ಕೆದರಿ ಬಿರುಕು ಮುಚ್ಚಬೇಕು. ತಳದಲ್ಲಿ ಸಣ್ಣ ತೂತಿರುವ ಹಳೆಯ ಮಡಕೆಯನ್ನು ಸಸಿಯ ಪಕ್ಕ ಹೂತು ನೀರು ತುಂಬಿಟ್ಟರೆ ಬೇಸಿಗೆಯಲ್ಲಿ ಅಷ್ಟಷ್ಟೇ ಜಿನುಗುತ್ತದೆ. ಆಡುಗಳಿಗೆ ಜಾಲಿ ಮುಳ್ಳಿನ ಬೇಲಿ. ನೂರು ನೆಡಬೇಡಿ, ಸಂಘದಲ್ಲಿ ಹದಿನೈದು ಜನರಿದ್ದರೆ ಹದಿನೈದೇ ನೆಡಿ, ಬೇವು, ಹುಣಸೆ, ನೇರಳೆ, ಅರಳಿ, ಮೂರು ಬೇಸಿಗೆ ದಾಟಿಸಿ.

ಎಲ್ಲಿ ನೆಡಬಾರದು ಎಂಬುದನ್ನೂ ಹೇಳಬೇಕು. ಬೀದರ್ ಜಿಲ್ಲೆಯ ಬಯಲು ಹುಲ್ಲುಗಾವಲುಗಳನ್ನು ಪಾಳು ಭೂಮಿಯೆಂದು ಭಾವಿಸಿ ಗಿಡ ತುಂಬಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಕೃಷ್ಣಮೃಗ ಬದುಕುವುದು ಆ ಬಯಲಿನಲ್ಲಿಯೇ. ದೂರದಿಂದಲೇ ಅಪಾಯವನ್ನು ಕಂಡು ಓಡುವ ಪ್ರಾಣಿಗೆ ಮರಗಳ ಸಾಲು ಆಸರೆಯಲ್ಲ. ಹುಲ್ಲು ಕೂಡ ತನ್ನ ಬೇರಿನಲ್ಲಿ, ಮಣ್ಣಿನಲ್ಲಿ ಇಂಗಾಲವನ್ನು ಹಿಡಿದಿಡುತ್ತದೆ.

ನಿಮ್ಮ ಸಂಘಕ್ಕೆ ಗಿಡ ನೆಡುವುದಕ್ಕಿಂತ ಬೇರೆಯಾದ ಕೆಲಸ ಬೇಕಿದ್ದರೆ ಒಂದು ರಜೆಯ ದಿನ ಬೀದರಿನ ನೌಬಾದಿಗೆ ಹೋಗಿಬನ್ನಿ. ಬಹಮನಿಯರ ಕಾಲದಲ್ಲಿ, ಸುಮಾರು ಐದೂವರೆ ಶತಮಾನದ ಹಿಂದೆ, ಜಂಬಿಟ್ಟಿಗೆ ಕಲ್ಲನ್ನು ನೆಲದೊಳಗೆ ಕೊರೆದು ಮಾಡಿದ ಸುರಂಗ ಬಾವಿ ಅಲ್ಲಿದೆ. ಮೇಲಿನ ತೆರಪುಗಳಿಂದ ಗಾಳಿ ಬೆಳಕು ಇಳಿಯುತ್ತದೆ. ಸುರಂಗದ ತಳಕ್ಕೆ ಕೊಟ್ಟ ಸಣ್ಣ ಇಳಿಜಾರಿನಲ್ಲಿ ಅಂತರ್ಜಲ ತಾನಾಗಿಯೇ ಹರಿದುಬರುತ್ತದೆ, ಎತ್ತುವ ಯಂತ್ರ ಬೇಡ. ಕಟ್ಟಡಗಳು ಹಬ್ಬಿದಂತೆ ಕೆಲವು ತೆರಪುಗಳು ಮುಚ್ಚಿಹೋಗಿವೆ, ಕೆಲವು ಕಸದ ಗುಂಡಿಗಳಾಗಿದ್ದವು. ಪ್ರತಿ ತೆರಪಿನ ಸ್ಥಿತಿಯನ್ನು ನಕ್ಷೆಯ ಮೇಲೆ ಗುರುತಿಸಿ, ವರ್ಷಕ್ಕೆ ಎರಡು ಸಲ ನಗರಾಡಳಿತಕ್ಕೂ ಪುರಾತತ್ವ ಇಲಾಖೆಗೂ ಒಪ್ಪಿಸುವ ಕೆಲಸವನ್ನು ಒಂದು ಸಂಘ ಕೈಗೆತ್ತಿಕೊಂಡರೆ ಅದರಿಂದ ಊರಿಗೆ ದೊಡ್ಡ ಉಪಕಾರ. ಯಾರೂ ನಗುವುದಿಲ್ಲ.

ಪ್ರಶ್ನೆ: ನಾನು ಶಹಾಪುರ ತಾಲ್ಲೂಕಿನ ಪ್ರೌಢಶಾಲೆಯಲ್ಲಿ 10ನೆಯ ತರಗತಿ. ನಮ್ಮೂರಿನ ಕೆರೆ ಒತ್ತುವರಿಯಾಗಿದೆ. ನನಗೆ ಮತದಾನದ ಹಕ್ಕಿಲ್ಲ. ನಾನು ಮಾಹಿತಿ ಕೇಳಬಹುದೇ?

ಉತ್ತರ: ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯ್ದೆ ‘ಎಲ್ಲ ನಾಗರಿಕರಿಗೂ’ ಎನ್ನುತ್ತದೆ, ಮತದಾರರಿಗೆ ಎನ್ನುವುದಿಲ್ಲ. ಶುಲ್ಕ 10 ರೂಪಾಯಿ, ಉತ್ತರ 30 ದಿನಗಳೊಳಗೆ ಬರಬೇಕು. ಕೆರೆಯ ಸರ್ವೆ ನಂಬರು, ದಾಖಲೆಯಲ್ಲಿರುವ ವಿಸ್ತೀರ್ಣ, ಕೊನೆಯ ಸಲ ಅಳತೆ ಮಾಡಿದ ದಿನಾಂಕ, ಈ ಮೂರನ್ನು ಮಾತ್ರ ಕೇಳಿ. ನಿಮ್ಮ ಗ್ರಾಮ ಪಂಚಾಯಿತಿ ಮಕ್ಕಳ ಗ್ರಾಮಸಭೆಯನ್ನೂ ನಡೆಸಬೇಕು. ಯಾವಾಗ ಎಂದು ಪಿಡಿಒ ಅವರನ್ನು ಕೇಳಿ, ಕೆರೆಯ ಮಾತು ಅಲ್ಲಿಯೂ ಬರಲಿ. ನಿಮ್ಮ ಗುರುಗಳಿಗೂ ಮನೆಯವರಿಗೂ ಹೇಳಿಯೇ ಅರ್ಜಿ ಹಾಕಿ. ಒತ್ತುವರಿಯಂಥ ವಿಷಯದಲ್ಲಿ ನಿಮ್ಮ ವಯಸ್ಸಿನವರು ಒಂಟಿಯಾಗಿ ಮುಂದೆ ನಿಲ್ಲಬಾರದು.

ಪ್ರಶ್ನೆ: ಯಾದಗಿರಿಯಲ್ಲಿ ಭೀಮಾ ನದಿಯ ದಂಡೆಗೆ ನಮ್ಮ ಹೊಲ. ಹವಾಮಾನ ಕೆಡಿಸಿದವರು ದೊಡ್ಡ ದೇಶಗಳವರು. ನಮ್ಮಂಥ ಹಳ್ಳಿಯ ಹುಡುಗರು ಕೂಗಿದರೆ ಯಾರು ಕೇಳುತ್ತಾರೆ?

ಉತ್ತರ: ನಿಮ್ಮ ಮಾತಿನ ಮೊದಲರ್ಧ ನಿಜ. ತಲಾ ಲೆಕ್ಕದಲ್ಲಿ ಭಾರತೀಯರು ಹೊರಬಿಡುವ ಇಂಗಾಲದ ಡೈ ಆಕ್ಸೈಡ್ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಜೋಳದ ರೊಟ್ಟಿ ತಿಂದು ಹೊಲ ಮಾಡುವ ನಿಮ್ಮ ಮನೆಯದು ಅದಕ್ಕಿಂತಲೂ ಕಡಿಮೆ ಇರುತ್ತದೆ. ಆದರೆ 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಬಂದಾಗ ಮುಳುಗಿದ್ದು ಇಲ್ಲಿಯ ಹೊಲಗಳು. ಬಿಸಿಯಾದ ಗಾಳಿ ಹೆಚ್ಚು ನೀರಾವಿಯನ್ನು ಹಿಡಿದಿಟ್ಟು ಒಮ್ಮೆಲೇ ಸುರಿಸುತ್ತದೆ. ಮಳೆಯಿಲ್ಲದ ದಿನಗಳೂ ಹೆಚ್ಚುತ್ತವೆ, ಒಂದೇ ದಿನ ಸುರಿಯುವ ಮಳೆಯೂ ಹೆಚ್ಚುತ್ತದೆ. ನೀರು ನಿಂತ ಹೊಲದಲ್ಲಿ ತೊಗರಿಗೆ ನೆಟೆ ರೋಗ ತಗುಲಿ ಸಾಲುಸಾಲೇ ಒಣಗುವುದನ್ನು ನೀವು ಕಂಡಿರುತ್ತೀರಿ. ಹೊಣೆ ಕಡಿಮೆ, ನಷ್ಟ ಹೆಚ್ಚು. ಇದನ್ನು ಗಟ್ಟಿಯಾಗಿ ಹೇಳುವ ಹಕ್ಕು ನಿಮಗಿಂತ ಹೆಚ್ಚು ಯಾರಿಗಿದೆ?

ಯಾರು ಕೇಳುತ್ತಾರೆ ಎಂಬುದಕ್ಕೆ ಒಂದು ನಡೆದ ಸಂಗತಿ ಹೇಳುತ್ತೇನೆ. ಪೆಸಿಫಿಕ್ ಸಾಗರದ ವನುವಾಟು ಒಂದು ಚಿಕ್ಕ ದ್ವೀಪರಾಷ್ಟ್ರ. ಅದರ ಒಟ್ಟು ಜನಸಂಖ್ಯೆ ನಮ್ಮ ಕಲಬುರಗಿ ನಗರದ್ದಕ್ಕಿಂತ ಕಡಿಮೆ. 2019ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದ 27 ಕಾನೂನು ವಿದ್ಯಾರ್ಥಿಗಳು, ಹವಾಮಾನದ ವಿಷಯದಲ್ಲಿ ದೇಶಗಳ ಕಾನೂನು ಹೊಣೆ ಏನೆಂಬುದನ್ನು ಅಂತಾರಾಷ್ಟ್ರೀಯ ನ್ಯಾಯಾಲಯ ಹೇಳಬೇಕೆಂದು ತಮ್ಮ ಸರ್ಕಾರಗಳಿಗೆ ಪತ್ರ ಬರೆಯಲು ಆರಂಭಿಸಿದರು. ವನುವಾಟು ಸರ್ಕಾರ ಒಪ್ಪಿಕೊಂಡಿತು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಆ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಕಳುಹಿಸಿತು. 2025ರ ಜುಲೈ 23ರಂದು ಹೇಗ್ ನಗರದ ನ್ಯಾಯಾಲಯ, ಹಸಿರುಮನೆ ಅನಿಲಗಳಿಂದ ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಕರ್ತವ್ಯವೆಂದು ಸರ್ವಾನುಮತದ ಸಲಹಾ ಅಭಿಪ್ರಾಯ ಕೊಟ್ಟಿತು. ಆರು ವರ್ಷ ಹಿಡಿಯಿತು. ನಮ್ಮ ಸುಪ್ರೀಂ ಕೋರ್ಟ್ ಕೂಡ 2024ರ ಮಾರ್ಚ್ 21ರ ತೀರ್ಪಿನಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೆಯ ವಿಧಿಗಳಲ್ಲಿ ಅಡಗಿರುವ ಹಕ್ಕು ಎಂದಿತು. ಆ ಮೊಕದ್ದಮೆ ಹುಟ್ಟಿಕೊಂಡದ್ದು ನಮ್ಮ ಹಿರಿಯರು ಎರೆಭೂತ ಎಂದು ಕರೆಯುತ್ತಿದ್ದ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎನ್ನುವ ಹಕ್ಕಿಯನ್ನು ವಿದ್ಯುತ್ ತಂತಿಗಳಿಂದ ಉಳಿಸಲೆಂದು. ಕರ್ನಾಟಕದ್ದೇ ಉದಾಹರಣೆ ಬೇಕಿದ್ದರೆ, 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಲ್ಕಣಿ ಬಳಿಯ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ನಿಂತವರಲ್ಲಿ ಹಳ್ಳಿಯ ಯುವಕ ಮಂಡಳಿಯವರಿದ್ದರು. ಅಪ್ಪಿಕೋ ಚಳವಳಿ ಶುರುವಾದದ್ದು ಹೀಗೆ.

ನೀವು ಮಾಡಬಹುದಾದ್ದು: ನಿಮ್ಮ ಹೊಲದಲ್ಲಿ ಒಂದು ಮಳೆಮಾಪಕ ನೆಟ್ಟು, ಬಿದ್ದ ಮಳೆ, ನೀರು ನಿಂತ ದಿನಗಳು, ಒಣಗಿದ ಸಾಲುಗಳು, ಇವನ್ನು ಬರೆದಿಡಿ. ಬೆಳೆ ವಿಮೆಯ ತಕರಾರು ಬಂದಾಗ ಮೊದಲು ಉಪಯೋಗಕ್ಕೆ ಬರುವುದು ಅದು. ಹತ್ತು ಹಳ್ಳಿಗಳ ಲೆಕ್ಕ ಕೂಡಿದರೆ ಶಾಸಕರ ಮುಂದೆ ಇಡಬಹುದಾದ ಮನವಿಯಾಗುತ್ತದೆ.

ಪ್ರಶ್ನೆ: ನಾನು ಕಲಬುರಗಿಯಲ್ಲಿ ಸರ್ಕಾರಿ ನೌಕರ. ದ್ವಿತೀಯ ಪಿಯುಸಿ ಓದುವ ಮಗಳು ಹವಾಮಾನದ ಸುದ್ದಿ ನೋಡಿ ನೋಡಿ ಕಂಗೆಟ್ಟಿದ್ದಾಳೆ. ‘ಓದಿ ಏನು ಮಾಡಲಿ ಅಪ್ಪಾ, ಊರೇ ಇರುವುದಿಲ್ಲ’ ಎನ್ನುತ್ತಾಳೆ. ರಾತ್ರಿ ನಿದ್ದೆಯಿಲ್ಲ. ಮೊಬೈಲ್ ಕಸಿದುಕೊಳ್ಳಲೇ?

ಉತ್ತರ: ಕಸಿದುಕೊಳ್ಳಬೇಡಿ, ಮೊದಲು ಕೇಳಿಸಿಕೊಳ್ಳಿ. ಅವಳ ಭಯಕ್ಕೆ ಆಧಾರವಿದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ತಮಗೇ ಗೊತ್ತಿರುವ ಸಂಗತಿ. ಅಂಥ ಬಿಸಿಲಿನ ಊರಿನಲ್ಲಿ ಬೆಳೆದ ಮಗು ಇನ್ನೂ ಬಿಸಿಯಾಗುತ್ತದೆಂಬ ಸುದ್ದಿಗೆ ಬೆದರುವುದು ಸಹಜ. ಆದರೆ ಊರೇ ಇರುವುದಿಲ್ಲವೆಂದು ಯಾವ ವಿಜ್ಞಾನಿಯೂ ಹೇಳಿಲ್ಲ. ಅವರು ಹೇಳುವುದು, ತಾಪಮಾನದ ಏರಿಕೆಯಲ್ಲಿ ತಡೆದ ಪ್ರತಿ ಅರ್ಧ ಡಿಗ್ರಿಗೂ ಉಳಿಯುವ ಜೀವಗಳ, ಬೆಳೆಗಳ ಲೆಕ್ಕವಿದೆ ಎಂದು. ಇದನ್ನು ಅವಳೊಂದಿಗೆ ಕೂತು ಓದಿ. ನಿದ್ದೆ, ಊಟ ಎರಡು ವಾರಕ್ಕೂ ಮೇಲ್ಪಟ್ಟು ಕೆಟ್ಟಿದ್ದರೆ ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಅವಳಿಗೆ ಒಂಟಿಯಾಗಿ ಪರದೆ ನೋಡುವುದರ ಬದಲು ನಾಲ್ಕು ಜನರೊಂದಿಗೆ ಮಾಡುವ ಒಂದು ಸಣ್ಣ ಕೆಲಸ ಬೇಕು. ತಮ್ಮ ಬಡಾವಣೆಯಲ್ಲಿ ಯಾವ ಬಸ್ ನಿಲ್ದಾಣಕ್ಕೆ ನೆರಳಿಲ್ಲ, ಎಲ್ಲಿ ಕುಡಿಯುವ ನೀರಿಲ್ಲ ಎಂದು ಅವಳೂ ಗೆಳತಿಯರೂ ಪಟ್ಟಿ ಮಾಡಲಿ. ಪರೀಕ್ಷೆ ಮುಗಿದ ಮೇಲೆ ಆದರೂ ಸಾಕು. ಪಟ್ಟಿಯನ್ನು ಮಹಾನಗರ ಪಾಲಿಕೆಗೆ ಕೊಡಲು ಅವರು ಹೊರಟ ದಿನ ತಾವು ಅರ್ಧ ದಿನ ರಜೆ ಹಾಕಿ ಜೊತೆಗೆ ಹೋಗಿ. ಕಚೇರಿಯಲ್ಲಿ ಅರ್ಜಿ ಯಾವ ಮೇಜಿಗೆ ಹೋಗುತ್ತದೆ, ಸ್ವೀಕೃತಿ ಹೇಗೆ ಪಡೆಯಬೇಕು, ಉತ್ತರ ಬಾರದಿದ್ದರೆ ಯಾರನ್ನು ಕೇಳಬೇಕು ಎಂಬುದನ್ನು ಅವರಿಗೆ ತಮಗಿಂತ ಚೆನ್ನಾಗಿ ತೋರಿಸಿಕೊಡುವವರು ಸಿಗಲಾರರು.